ಅರ್ಜಿ ಹಿಡಿದು ನಿಂತವರ ಕಡೆಯಿಂದ

(ಸಂಘದ ವೈದ್ಯಕೀಯ ನೆರವು ನಿಧಿಯ ಡಿಸೆಂಬರ್ ಸಭೆಯಲ್ಲಿ ಮಾಡಿದ ಭಾಷಣ)



ಡಿಸೆಂಬರ್ ಸಭೆಯಲ್ಲಿ ನನ್ನನ್ನು ಮಾತಿಗೆ ಎಬ್ಬಿಸುವುದು ನಮ್ಮ ಸಂಘದಲ್ಲಿ ರೂಢಿಯೇ ಆಗಿಬಿಟ್ಟಿದೆ. ಕಾರಣ ನಿಮಗೆ ಗೊತ್ತು. ಕ್ರಿಸ್‌ಮಸ್ ಹತ್ತಿರ ಬಂದಿರುತ್ತದೆ, ಸಂಘದಲ್ಲಿರುವ ನಾಲ್ಕಾರು ಕ್ರೈಸ್ತ ಮನೆಗಳಲ್ಲಿ ನಮ್ಮದೂ ಒಂದು, ಮೇಲಾಗಿ ನಾನು ನಿವೃತ್ತ. ಈ ಸಲ ಕಾರ್ಯದರ್ಶಿಗಳು ವಿಷಯವನ್ನೂ ತಾವೇ ಕೊಟ್ಟರು: ‘ಪರರನ್ನು ನಮ್ಮಂತೆ ಕಾಣುವುದು, ಕ್ರೈಸ್ತ ದೃಷ್ಟಿಯಲ್ಲಿ’. ಕೆಳಗೆ ಸಣ್ಣ ಅಕ್ಷರದಲ್ಲಿ ‘ನಿಧಿಗೂ ಅನುಕೂಲವಾಗುವಂತೆ ಇರಲಿ’ ಎಂದು ಸೇರಿಸಿದ್ದರು. ನಾನು ಪಾದ್ರಿಯಲ್ಲ. ಬಿ.ಕಾಂ. ಓದಿ, ಬ್ಯಾಂಕಿಗೆ ಸೇರಿ, ಮೂವತ್ತೈದು ವರ್ಷ ಸಾಲದ ಕಡತ ನೋಡಿದವನು. ಬೈಬಲ್ಲನ್ನೂ ಅಭ್ಯಾಸಬಲದಿಂದ ಕಡತದ ಹಾಗೆಯೇ ಓದುತ್ತೇನೆ. ಸ್ವಲ್ಪ ಸಹಿಸಿಕೊಳ್ಳಬೇಕು.

ವಿಷಯದ ಮೂಲ ಇರುವುದು ಮತ್ತಾಯನ ಸುವಾರ್ತೆಯ ಏಳನೇ ಅಧ್ಯಾಯದಲ್ಲಿ, ಹನ್ನೆರಡನೇ ವಚನದಲ್ಲಿ. ಲೂಕನ ಸುವಾರ್ತೆಯಲ್ಲೂ ಬರುತ್ತದೆ. ನಮಗೆ ಇನ್ನೊಬ್ಬರಿಂದ ಎಂಥ ನಡತೆ ಬೇಕೆನಿಸುತ್ತದೋ ಅಂಥದೇ ನಡತೆ ಅವರಿಗೆ ನಮ್ಮಿಂದ ಸಿಗಬೇಕು ಎಂಬುದು ತಾತ್ಪರ್ಯ. ಇಂಗ್ಲಿಷಿನವರು ಇದಕ್ಕೆ ಬಂಗಾರದ ನಿಯಮ ಎಂದು ಹೆಸರಿಟ್ಟರು. ಇದು ಕ್ರೈಸ್ತರ ಸ್ವಂತ ಆಸ್ತಿ ಎಂದು ನಾನು ಹೇಳುವುದಿಲ್ಲ. ಮಹಾಭಾರತದ ಅನುಶಾಸನ ಪರ್ವದಲ್ಲಿ ಇದೇ ಅರ್ಥದ ಮಾತಿದೆ. ಚೀನಾದ ಕನ್‌ಫ್ಯೂಷಿಯಸ್ ಹೇಳಿದ್ದಾನೆ. ಯೇಸುಸ್ವಾಮಿಗಿಂತ ಸ್ವಲ್ಪ ಹಿಂದಿನ ಯೆಹೂದಿ ಗುರು ಹಿಲ್ಲೆಲ್ ಹೇಳಿದ್ದಾನೆ. ಆದರೆ ಅವೆಲ್ಲ ನಿಷೇಧದ ರೂಪದಲ್ಲಿವೆ: ನಿನಗೆ ಹಿತವಲ್ಲದ್ದನ್ನು ಇನ್ನೊಬ್ಬರಿಗೆ ಮಾಡಬೇಡ ಎಂದು. ಯೇಸುಸ್ವಾಮಿ ಹೇಳಿದ್ದು ‘ಮಾಡಿ’ ಎಂದು.

‘ಬೇಡ’ ಮತ್ತು ‘ಮಾಡಿ’ ಎರಡೂ ಒಂದೇ ಎಂದು ಬಹಳ ವರ್ಷ ನನಗೂ ಅನ್ನಿಸುತ್ತಿತ್ತು. ಅಲ್ಲ. ಸಮಾರ್ಯದವನ ಕಥೆಯನ್ನು ನೀವು ಕೇಳಿರುತ್ತೀರಿ. ಜೆರುಸಲೇಮಿನಿಂದ ಜೆರಿಕೋವಿಗೆ ಇಳಿಯುವ ದಾರಿಯಲ್ಲಿ ಕಳ್ಳರು ಒಬ್ಬನನ್ನು ಹೊಡೆದು, ಬಟ್ಟೆಯನ್ನೂ ಬಿಡದೆ ದೋಚಿ, ಅರೆಜೀವ ಮಾಡಿ ಹೋಗುತ್ತಾರೆ. ಒಬ್ಬ ಯಾಜಕ ಬರುತ್ತಾನೆ, ನೋಡಿ ಪಕ್ಕಕ್ಕೆ ಸರಿದು ಹೋಗುತ್ತಾನೆ. ದೇವಾಲಯದ ಸೇವೆಯ ಒಬ್ಬ ಲೇವಿಯನೂ ಹಾಗೆಯೇ ಹೋಗುತ್ತಾನೆ. ಈಗ ಲೆಕ್ಕ ನೋಡಿ. ಇವರಿಬ್ಬರೂ ಬಿದ್ದವನನ್ನು ಹೊಡೆದಿಲ್ಲ, ಬೈದಿಲ್ಲ, ಅವನದೊಂದು ಕಾಸನ್ನೂ ಮುಟ್ಟಿಲ್ಲ. ‘ಬೇಡ’ ಎಂಬ ನಿಯಮದ ಪ್ರಕಾರ ಇಬ್ಬರ ಖಾತೆಯೂ ಸ್ವಚ್ಛ, ಯಾವ ಆಡಿಟರೂ ಟಿಪ್ಪಣಿ ಬರೆಯಲಾರ. ‘ಮಾಡಿ’ ಎಂಬ ನಿಯಮ ಇಟ್ಟು ನೋಡಿದಾಗ ಮಾತ್ರ ಅವರ ಹೆಸರಿನಲ್ಲಿ ಬಾಕಿ ಕಾಣುತ್ತದೆ. ನಮ್ಮಂಥ ಸಜ್ಜನರಿಗೆ, ಅಂದರೆ ಯಾರಿಗೂ ಕೆಡುಕು ಮಾಡದೆ ಪಿಂಚಣಿ ತೆಗೆದುಕೊಳ್ಳುತ್ತಿರುವವರಿಗೆ, ಇದು ಸ್ವಲ್ಪ ಮುಜುಗರದ ಕಥೆ.

ಮೂರನೆಯವನು ಸಮಾರ್ಯದವನು. ಯೆಹೂದ್ಯರಿಗೂ ಸಮಾರ್ಯದವರಿಗೂ ಆಗ ಮಾತುಕತೆಯೇ ಇರಲಿಲ್ಲ. ಅವನು ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹಾಕಿ ಕಟ್ಟಿ, ತನ್ನ ಸವಾರಿಯ ಮೇಲೆ ಕೂರಿಸಿ ಛತ್ರಕ್ಕೆ ಒಯ್ಯುತ್ತಾನೆ. ಮರುದಿನ ಹೊರಡುವಾಗ ಛತ್ರದವನ ಕೈಗೆ ಎರಡು ಬೆಳ್ಳಿ ನಾಣ್ಯ ಕೊಡುತ್ತಾನೆ. ಆ ನಾಣ್ಯದ ಹೆಸರು ದೆನಾರಿಯಸ್. ಒಂದು ನಾಣ್ಯವೆಂದರೆ ಕೂಲಿಯವನ ಒಂದು ದಿನದ ಸಂಬಳ ಎಂಬುದು ಮತ್ತಾಯನ ಇಪ್ಪತ್ತನೇ ಅಧ್ಯಾಯದಿಂದ ತಿಳಿಯುತ್ತದೆ. ಅಂದರೆ ಎರಡು ದಿನದ ಕೂಲಿ, ದೊಡ್ಡ ಮೊತ್ತವಲ್ಲ. ಆದರೆ ಅದರ ಜೊತೆ ಅವನು ಹೇಳಿದ ಮಾತು ದೊಡ್ಡದು. ಇದಕ್ಕಿಂತ ಹೆಚ್ಚು ಖರ್ಚಾದರೆ ವಾಪಸ್ ಬರುವಾಗ ತಾನೇ ತೀರಿಸುತ್ತೇನೆ ಎನ್ನುತ್ತಾನೆ.

ಬ್ಯಾಂಕಿನವನಿಗೆ ಈ ಜಾಗದಲ್ಲಿ ಕಣ್ಣು ನಿಲ್ಲುತ್ತದೆ. 1872ರ ನಮ್ಮ ಕರಾರು ಕಾಯ್ದೆಯ 129ನೇ ಕಲಮಿನಲ್ಲಿ ನಿರಂತರ ಜಾಮೀನು ಎಂಬುದೊಂದಿದೆ. ಇದು ಹೆಚ್ಚುಕಡಿಮೆ ಅದೇ. ಅದೂ ಎಂಥ ಜಾಮೀನು? ಸಾಲಗಾರನ ಗುರುತಿಲ್ಲ, ಪರಿಚಯವಿಲ್ಲ, ಮೊತ್ತಕ್ಕೆ ಮಿತಿಯಿಲ್ಲ, ಅವಧಿಯಿಲ್ಲ. ಇಂಥದೊಂದು ಪ್ರಸ್ತಾವವನ್ನು ನಾನು ಹೆಡ್ ಆಫೀಸಿಗೆ ಕಳಿಸಿದ್ದರೆ ಮುಂದಿನ ಟಪಾಲಿನಲ್ಲೇ ವಾಪಸ್ ಬರುತ್ತಿತ್ತು, ಜೊತೆಗೊಂದು ಮೆಮೊ ಕೂಡ. ಇನ್ನೊಂದನ್ನು ಗಮನಿಸಿ. ಹಣದ ಮಾತೆಲ್ಲ ನಡೆಯುವುದು ಸಮಾರ್ಯದವನಿಗೂ ಛತ್ರದವನಿಗೂ ನಡುವೆ. ಮಲಗಿದ್ದವನನ್ನು ಯಾರೂ ಏನೂ ಕೇಳುವುದಿಲ್ಲ. ಅವನ ಹೆಸರು ಕಥೆಯಲ್ಲಿಲ್ಲ. ಅವನು ಎದ್ದು ಕೈಮುಗಿದ ಎಂಬ ಸಾಲೂ ಇಲ್ಲ.

ಈ ಕಥೆ ಈಗ ನಮ್ಮ ದೇಶದ ಕಾನೂನಿನೊಳಗೂ ಬಂದು ಕೂತಿದೆ. ರಸ್ತೆ ಅಪಘಾತದಲ್ಲಿ ಬಿದ್ದವರನ್ನು ಆಸ್ಪತ್ರೆಗೆ ಸೇರಿಸಿದವರಿಗೆ ಪೊಲೀಸ್, ಕೋರ್ಟ್ ಕಿರುಕುಳ ಆಗಬಾರದೆಂಬ ಮಾರ್ಗಸೂಚಿಗೆ 2016ರಲ್ಲಿ ಸುಪ್ರೀಂ ಕೋರ್ಟ್ ಕಾನೂನಿನ ಬಲ ಕೊಟ್ಟಿತು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಎಂಬ ಕಲಮು ಸೇರಿತು. ಅದು ರಕ್ಷಣೆ ಕೊಡುವುದು ‘ಗುಡ್ ಸಮಾರಿಟನ್’ ಎಂಬವನಿಗೆ, ಅಂದರೆ ಇದೇ ನಮ್ಮ ಸಮಾರ್ಯದವನಿಗೆ. ಹೈದರಾಬಾದಿನ ಹೊರವರ್ತುಲ ರಸ್ತೆಯಲ್ಲಿ ರಾತ್ರಿ ಕಾರು ಓಡಿಸುವ ನಮ್ಮ ಹುಡುಗರಿಗೆ ಈ ಕಲಮಿನ ಸಂಖ್ಯೆ ಹೇಳಿಕೊಟ್ಟಿರಿ. ನಿಲ್ಲಿಸಿದರೆ ಕೇಸು ಮೈಮೇಲೆ ಬರುತ್ತದೆ ಎಂಬ ಹೆದರಿಕೆಗೆ ಈಗ ಆಧಾರವಿಲ್ಲ.

ಜೆರಿಕೋ ದೂರವಾಯಿತು ಎನ್ನುವವರಿಗೆ ನಿಜಾಮಾಬಾದ್ ರಸ್ತೆಯ ಡಿಚ್‌ಪಲ್ಲಿಯ ಸಂಗತಿ ಹೇಳುತ್ತೇನೆ. ಅಬರ್ಡೀನ್ ವಿಶ್ವವಿದ್ಯಾಲಯದಲ್ಲಿ 1903ರಲ್ಲಿ ವೈದ್ಯಪದವಿ ಪಡೆದ ಇಸಬೆಲ್ ಕೆರ್ ಎಂಬ ಸ್ಕಾಟ್ಲೆಂಡಿನ ಹೆಣ್ಣುಮಗಳು, ಪಾದ್ರಿಯಾಗಿದ್ದ ಪತಿ ಜಾರ್ಜ್ ಕೆರ್ ಅವರೊಂದಿಗೆ 1907ರಲ್ಲಿ ನಿಜಾಮರ ಸಂಸ್ಥಾನಕ್ಕೆ ಬಂದರು. ಆಗ ನಮ್ಮ ಬೀದರ್, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳೂ ಅದೇ ಸಂಸ್ಥಾನದಲ್ಲಿದ್ದವು. ಕುಷ್ಠರೋಗ ಬಂದವರನ್ನು ಮನೆಯವರೇ ಹೊರಗಟ್ಟುತ್ತಿದ್ದ ಕಾಲ. ಆಯಮ್ಮ ಮೊದಲು ಅವರಿಗೊಂದು ಸಣ್ಣ ಆಶ್ರಯ ಮಾಡಿದರು. ಆಮೇಲೆ 1915ರಲ್ಲಿ ಡಿಚ್‌ಪಲ್ಲಿಯಲ್ಲಿ ವಿಕ್ಟೋರಿಯಾ ಆಸ್ಪತ್ರೆ ಎದ್ದಿತು. ಅದಕ್ಕೆ ದೊಡ್ಡ ಕೊಡುಗೆ ಕೊಟ್ಟವರು ರಾಜಾ ನರಸಾ ಗೌಡ್ ಎಂಬ ಹಿಂದೂ ಗೃಹಸ್ಥರು. ಮಿಷನ್ನಿನ ಆಸ್ಪತ್ರೆ, ಹಿಂದೂಗಳ ಹಣ, ಮುಸ್ಲಿಂ ಅರಸರ ರಾಜ್ಯ. ಬಂಗಾರದ ನಿಯಮ ಯಾರ ಆಸ್ತಿಯೂ ಅಲ್ಲ ಎಂದು ಮೊದಲೇ ಹೇಳಿದೆನಲ್ಲ, ಅದಕ್ಕೆ ಸಾಕ್ಷಿ ಇಲ್ಲೇ ಇದೆ.

ಆ ಕಾಲದಲ್ಲಿ ಕುಷ್ಠರೋಗಿಗೆ ಅನ್ನ, ಬಟ್ಟೆ, ಮೂಲೆಯಲ್ಲೊಂದು ಗುಡಿಸಲು ಕೊಟ್ಟರೆ ಅದೇ ಮಹಾಪುಣ್ಯ. ಕೊಟ್ಟವರು ಸುಖವಾಗಿ ನಿದ್ದೆ ಮಾಡಬಹುದಿತ್ತು. ಆದರೆ ಆ ಜಾಗದಲ್ಲಿ ನಾವೇ ಇದ್ದರೆ ಏನು ಬೇಡುತ್ತಿದ್ದೆವು? ಗುಡಿಸಲನ್ನಲ್ಲ, ಗುಣವನ್ನು. ಡಿಚ್‌ಪಲ್ಲಿ ಬರಿಯ ಅನಾಥಾಶ್ರಮವಾಗಿ ಉಳಿಯದೆ ದವಾಖಾನೆಯಾಯಿತು. 1920ರ ದಶಕದಲ್ಲಿ ಚೌಲ್‌ಮೂಗ್ರ ಎಣ್ಣೆಯ ಚುಚ್ಚುಮದ್ದು ಬಂದಾಗ ಅಲ್ಲಿ ಆ ಚಿಕಿತ್ಸೆ ನಡೆಯಿತು. ಬಹಳ ನೋವಿನ ಚುಚ್ಚುಮದ್ದದು. ಪೂರ್ತಿ ಗುಣಪಡಿಸುವ ಈಗಿನ ಬಹುಔಷಧ ಚಿಕಿತ್ಸೆ ಬರಲು 1980ರ ದಶಕದವರೆಗೆ ಕಾಯಬೇಕಾಯಿತು. ಆದರೂ ಹೊರಗಟ್ಟಿಸಿಕೊಂಡವನನ್ನು ‘ಪಾಪ’ ಎನ್ನದೆ ‘ಪೇಷಂಟ್’ ಎಂದು ಕರೆದದ್ದೇ ಅರ್ಧ ಔಷಧ ಎಂದು ನನಗನ್ನಿಸುತ್ತದೆ. ಕೆರ್ ದಂಪತಿಗೆ 1923ರಲ್ಲಿ ಕೈಸರ್-ಇ-ಹಿಂದ್ ಪದಕ ಬಂತು. ಇದೇ ಕೆಲಸವನ್ನು ನಮ್ಮ ನಗರದಲ್ಲೇ ಕೈಗೆತ್ತಿಕೊಂಡವರು ವನಪರ್ತಿಯ ರಾಣಿ ಕುಮುದಿನಿ ದೇವಿ. ಹೈದರಾಬಾದಿನ ಮೇಯರ್ ಕೂಡ ಆಗಿದ್ದವರು. 1958ರಲ್ಲಿ ಅವರು ಕಟ್ಟಿದ ಶಿವಾನಂದ ಪುನರ್ವಸತಿ ಗೃಹ ಕೂಕಟ್‌ಪಲ್ಲಿಯಲ್ಲಿದೆ. ಆ ಕಡೆ ಫ್ಲಾಟ್ ತೆಗೆದುಕೊಂಡಿರುವ ನಮ್ಮ ಸದಸ್ಯರು ಒಮ್ಮೆ ಹೋಗಿ ಬರಬಹುದು.

ಮೆದಕ್ ಚರ್ಚಿಗೆ ಪಿಕ್‌ನಿಕ್ ಹೋಗದವರು ನಮ್ಮಲ್ಲಿ ಕಡಿಮೆ. 1924ರ ಕ್ರಿಸ್‌ಮಸ್ ದಿನ ಪ್ರತಿಷ್ಠಾಪನೆಯಾದ ಆ ಕಟ್ಟಡವನ್ನು ಕಟ್ಟಿಸಿದ ಚಾರ್ಲ್ಸ್ ಪಾಸ್ನೆಟ್ ಪಾದ್ರಿ, ಬರಗಾಲದಲ್ಲಿ ಹಸಿದು ಬಂದವರಿಗೆ ಕಟ್ಟಡದ ಕೆಲಸ ಕೊಟ್ಟು ಅನ್ನ ಕೊಟ್ಟರು ಎಂದು ಅಲ್ಲಿನವರು ಹೇಳುತ್ತಾರೆ. ಸಾಲಾಗಿ ಕೂರಿಸಿ ಗಂಜಿ ಬಡಿಸಬಹುದಿತ್ತು. ಹಸಿದವನು ನಾನಾಗಿದ್ದರೆ ನನಗೆ ಕೂಲಿಯ ಅನ್ನವೇ ಹೆಚ್ಚು ರುಚಿಸುತ್ತಿತ್ತು.

ಈ ನಿಯಮಕ್ಕೆ ಒಂದು ಆಕ್ಷೇಪಣೆ ಇದೆ. ಬರ್ನಾರ್ಡ್ ಷಾ ಇದನ್ನು ಗೇಲಿ ಮಾಡಿದ್ದಾನೆ: ನಿಮಗೆ ಬೇಕಾದದ್ದನ್ನೇ ಬೇರೆಯವರಿಗೆ ಮಾಡಲು ಹೋಗಬೇಡಿ, ಅವರ ರುಚಿ ಬೇರೆ ಇರಬಹುದು ಎಂಬ ಅರ್ಥದಲ್ಲಿ. ತಮಾಷೆ ಎಂದು ಬಿಡುವಂತಿಲ್ಲ. ಕಲಬುರಗಿ ಕಡೆಯ ರೋಗಿಯೊಬ್ಬರ ಮನೆಯವರಿಗೆ ನಮ್ಮ ಕೆಲವು ಸದಸ್ಯರು ಹತ್ತು ದಿನ ಬಿಡದೆ ಇಡ್ಲಿ ಸಾಂಬಾರು ಕಳಿಸಿದರು. ಒಳ್ಳೆಯ ಮನಸ್ಸಿನಿಂದಲೇ. ಹನ್ನೊಂದನೇ ದಿನ ಆ ತಾಯಿ ನನ್ನ ಹೆಂಡತಿಯ ಹತ್ತಿರ ಮೆಲ್ಲಗೆ, ಒಂದು ರೊಟ್ಟಿ, ಒಂದಿಷ್ಟು ಶೇಂಗಾ ಹಿಂಡಿ ಸಿಗಬಹುದೇ ಎಂದು ಕೇಳಿದರಂತೆ. ಹಾಗಾದರೆ ನಿಯಮ ತಪ್ಪೇ? ಅಲ್ಲ. ನಾನು ಪರವೂರಿನ ಆಸ್ಪತ್ರೆಯಲ್ಲಿ ಮಲಗಿದ್ದರೆ ನನಗೆ ಮೊದಲು ಬೇಕಾದದ್ದು ಇಡ್ಲಿಯೂ ಅಲ್ಲ, ರೊಟ್ಟಿಯೂ ಅಲ್ಲ. ‘ನಿಮಗೇನು ಬೇಕು?’ ಎಂದು ಕೇಳುವ ಒಬ್ಬರು ಬೇಕು. ಅದನ್ನೇ ಮೊದಲು ಮಾಡೋಣ.

ಈಗ ನಮ್ಮ ನಿಧಿಯ ಮಾತಿಗೆ ಬರುತ್ತೇನೆ. ಇಮ್ಲಿಬನ್ ಬಸ್ ನಿಲ್ದಾಣದಲ್ಲಿ ಬೆಳಗಿನ ಜಾವ ಬೀದರ್, ಕಲಬುರಗಿ, ರಾಯಚೂರಿನ ಬಸ್ಸುಗಳು ಬಂದಾಗ ಸ್ವಲ್ಪ ಹೊತ್ತು ನಿಂತು ನೋಡಿ. ಎಕ್ಸ್‌ರೇ ಕವರನ್ನು ಎದೆಗೊತ್ತಿ ಹಿಡಿದು ಇಳಿಯುವವರೇ ಎಷ್ಟೋ ಜನ. ಯಾದಗಿರಿ, ರಾಯಚೂರು ಕಡೆಯಿಂದ ಇಲ್ಲಿಗೆ ಬಂದು ಕಟ್ಟಡದ ಕೆಲಸ ಮಾಡುವವರು ಬೇರೆ. ಇವರ ರೇಷನ್ ಕಾರ್ಡು ಕರ್ನಾಟಕದಲ್ಲಿ, ಬೆವರು ಹೈದರಾಬಾದಿನಲ್ಲಿ. ತೆಲಂಗಾಣದ ಆರೋಗ್ಯಶ್ರೀ ಈ ರಾಜ್ಯದ ಕಾರ್ಡಿನವರಿಗೆ. ಊರಿನ ಕಾರ್ಡು ಇಲ್ಲಿನ ಎಲ್ಲ ಬಾಗಿಲಲ್ಲೂ ನಡೆಯುವುದಿಲ್ಲ. ಎರಡು ರಾಜ್ಯಗಳ ನಡುವಿನ ಈ ಸಂದಿಯಲ್ಲಿ ಬಿದ್ದವರೇ ನಮ್ಮ ಜೆರಿಕೋ ದಾರಿಯವರು. ನಮ್ಮ ಸಂಘಕ್ಕೆ ಬರುವ ಅರ್ಜಿಗಳಲ್ಲಿ ಹೆಚ್ಚಿನವು ಇವರವೇ.

ಕೆಲವು ವರ್ಷಗಳ ಹಿಂದೆ ಬೇರೊಂದು ಸಂಘದ ಸಮಾರಂಭಕ್ಕೆ ಹೋಗಿದ್ದೆ. ಯಾವ ಸಂಘ ಎಂಬುದು ಬೇಡ. ಹಿಂದಿನ ಸಾಲಿನಲ್ಲಿ ನನ್ನ ಪಕ್ಕ ಗೌಂಡಿ ಕೆಲಸದವರೊಬ್ಬರು ಕೂತಿದ್ದರು. ಹದಿನೆಂಟು ವರ್ಷದ ಮಗಳಿಗೆ ಹೃದಯದ ಕವಾಟದ ಆಪರೇಷನ್. ಸಂಘ ಇಪ್ಪತ್ತು ಸಾವಿರ ಮಂಜೂರು ಮಾಡಿತ್ತು. ವೇದಿಕೆಯ ಪಕ್ಕ ಥರ್ಮೊಕೋಲಿನ ದೊಡ್ಡ ಚೆಕ್ಕು ನಿಲ್ಲಿಸಿದ್ದರು, ಅದರ ಮೇಲೆ ಹುಡುಗಿಯ ಹೆಸರು. ಮುಖ್ಯ ಅತಿಥಿಗಳು ಎರಡು ಗಂಟೆ ತಡ. ಅಷ್ಟು ಹೊತ್ತೂ ಆ ಮನುಷ್ಯ ಚೆಕ್ಕಿನ ಕಡೆ ನೋಡುತ್ತಲೇ ಇದ್ದರು. ಕೊನೆಗೆ ನನ್ನ ಕಡೆ ಬಾಗಿ, “ಸಾಹೇಬ್ರೆ, ಮಗಳ ಹೆಸರ ಹೇಳಲಾರದೆ ಕೊಡ್ಲಾಕ ಬರಲ್ಲೇನ್ರಿ? ನಾಳಿ ವರ ನೋಡ್ಲಾಕ ಬಂದವರಿಗಿ ನಾ ಏನ್ ಹೇಳ್ಲಿ?” ಎಂದರು. ನಾನು ಎದ್ದು ಹೋಗಿ ಸಂಘಟಕರೊಬ್ಬರ ಕಿವಿಯಲ್ಲಿ ಹೇಳಿದೆ. ಬ್ಯಾನರ್ ಆಗಿಹೋಗಿದೆ ಸರ್, ದಾನಿಗಳೂ ಬಂದಿದ್ದಾರೆ ಎಂದರು. ಹೆಸರು ಕರೆದರು, ಮೈಕಿನಲ್ಲಿ ಕಾಯಿಲೆಯನ್ನೂ ಹೇಳಿದರು. ಅವರು ಹೋಗಿ ಚೆಕ್ಕಿನ ಒಂದು ತುದಿ ಹಿಡಿದು ನಿಂತರು. ಸಂಜೆಯ ಹೊತ್ತಿಗೆ ಫೋಟೋ ವಾಟ್ಸ್ಯಾಪಿನಲ್ಲಿ ನನ್ನ ತನಕವೂ ಬಂತು. ನನ್ನ ತನಕ ಬಂದದ್ದು ಅವರ ಊರಿಗೂ ಹೋಗಿರಲೇಬೇಕು. ಅವರು ಪಡೆದದ್ದು ಇಪ್ಪತ್ತು ಸಾವಿರ. ಕೊಟ್ಟದ್ದೆಷ್ಟು ಎಂಬ ಲೆಕ್ಕ ಆ ವೇದಿಕೆಯ ಮೇಲೆ ಯಾರ ಬಳಿಯೂ ಇರಲಿಲ್ಲ.

ಬಂಗಾರದ ನಿಯಮ ಇರುವ ಪರ್ವತ ಪ್ರಸಂಗದಲ್ಲೇ, ಅದಕ್ಕೆ ಒಂದೇ ಅಧ್ಯಾಯ ಹಿಂದೆ, ದಾನ ಕೊಡುವಾಗ ತುತ್ತೂರಿ ಊದಿಸಬೇಡಿ ಎಂಬ ಎಚ್ಚರಿಕೆ ಇದೆ. ಸಾಮಾನ್ಯವಾಗಿ ಅದನ್ನು ಕೊಡುವವನ ಜಂಬಕ್ಕೆ ಹೇಳಿದ್ದು ಎಂದು ವಿವರಿಸುತ್ತಾರೆ. ಸರಿಯೇ. ಆದರೆ ಆ ತುತ್ತೂರಿಯ ಸದ್ದು ಪಡೆಯುವವನ ಮನೆಯ ತನಕವೂ ಕೇಳುತ್ತದೆ. ಅದು ಎರಡನೆಯ ಕಾರಣ, ನನ್ನ ಮಟ್ಟಿಗೆ ಹೆಚ್ಚಿನ ಕಾರಣ.

ವಿಚಾರಣೆಯೇ ಬೇಡ ಎಂದು ನಾನು ಹೇಳುತ್ತಿಲ್ಲ. ಹುಸಿ ಬಿಲ್ಲುಗಳನ್ನು ನಾನೂ ನೋಡಿದ್ದೇನೆ, ಒಂದೇ ಎಸ್ಟಿಮೇಟಿನ ಜೆರಾಕ್ಸ್ ಇಟ್ಟು ಮೂರು ಕಡೆ ಹಣ ಎತ್ತಿದವರನ್ನೂ ನೋಡಿದ್ದೇನೆ. ದಾನಿಯೂ ಮನುಷ್ಯನೇ. ತನ್ನ ಹಣ ಎಲ್ಲಿ ಹೋಯಿತು ಎಂದು ತಿಳಿಯುವ ಹಕ್ಕು ನನಗೆ ಬೇಕಾದಂತೆ ಅವನಿಗೂ ಬೇಕು. ಆದರೆ ಅದಕ್ಕೆ ಜಾಗ ಆಸ್ಪತ್ರೆಯ ಬಿಲ್ಲಿಂಗ್ ಕೌಂಟರು, ವೇದಿಕೆಯಲ್ಲ. ನಮ್ಮ ಸಮಿತಿಯ ಮುಂದೆ ನಾನು ಇಟ್ಟಿರುವ ಸಲಹೆ ಇಷ್ಟು. ಸಮಿತಿಯ ಒಬ್ಬರು ಆಸ್ಪತ್ರೆಗೇ ಹೋಗಿ ಎಸ್ಟಿಮೇಟು, ಒಳರೋಗಿಯ ನಂಬರು ತಾಳೆ ನೋಡಲಿ. ಹಣ ರೋಗಿಯ ಕೈಗೂ ಬೇಡ, ನಮ್ಮ ಕೈಗೂ ಬೇಡ, ಸಂಘದ ಖಾತೆಯಿಂದ ನೇರ ಆಸ್ಪತ್ರೆಯ ಖಾತೆಗೆ ನೆಫ್ಟ್ ಆಗಲಿ. ಹೆಸರು ಆಡಿಟರ ಕಡತದಲ್ಲಿರಲಿ. ವಾರ್ತಾಪತ್ರದಲ್ಲಿ ಅರ್ಜಿಯ ಸಂಖ್ಯೆ, ಜಿಲ್ಲೆ, ಮೊತ್ತ ಸಾಕು. ಫೋಟೋ ಬೇಕೇ ಬೇಕಿದ್ದರೆ ನಮ್ಮ ನಮ್ಮ ಫೋಟೋ ಹಾಕಿಕೊಳ್ಳೋಣ, ಅದಕ್ಕೆ ಯಾರ ಮದುವೆಯೂ ನಿಲ್ಲುವುದಿಲ್ಲ.

ಕಾಯಿಸುವ ವಿಷಯವನ್ನೂ ಹೇಳಬೇಕು. ಕೌಂಟರಿನ ಈಚೆ ಕೂತ ನನಗೆ ಆಚೆ ನಿಂತವರು ಕಲಿಸಿದ್ದು ಇದು: ‘ಇಲ್ಲ’ ಎಂಬ ಮಾತನ್ನು ಜನ ತಡೆದುಕೊಳ್ಳುತ್ತಾರೆ, ‘ನಾಳೆ ಬನ್ನಿ’ ಎಂಬುದನ್ನು ತಡೆಯಲಾರರು. ಇಲ್ಲ ಎಂದರೆ ಮನುಷ್ಯ ಬೇರೆ ಬಾಗಿಲು ತಟ್ಟುತ್ತಾನೆ. ನಾಳೆ ಎಂದರೆ ನಮ್ಮ ಬಾಗಿಲಲ್ಲೇ ಕೂತಿರುತ್ತಾನೆ, ಅಷ್ಟರಲ್ಲಿ ಆಪರೇಷನ್ನಿನ ದಿನ ದಾಟಿಹೋಗುತ್ತದೆ. ನಮ್ಮ ಮಗನಿಗೋ ಮಗಳಿಗೋ ಆಗಿದ್ದರೆ ಎಷ್ಟು ದಿನ ಕಾಯುತ್ತಿದ್ದೆವು? ನಿಧಿಯಲ್ಲಿ ಹಣವಿಲ್ಲದಿದ್ದರೆ ಮೂರು ದಿನದೊಳಗೆ ಇಲ್ಲ ಎನ್ನೋಣ. ಜೊತೆಗೆ ಬೇರೆ ಎಲ್ಲಿ ಕೇಳಬಹುದು ಎಂಬುದನ್ನು ಒಂದು ಚೀಟಿಯಲ್ಲಿ ಕನ್ನಡದಲ್ಲಿ ಬರೆದುಕೊಡೋಣ. ಎಷ್ಟೋ ಜನಕ್ಕೆ ಇಲ್ಲಿನ ಬೋರ್ಡು ಓದಲು ಬರುವುದಿಲ್ಲ. ಹೊರರೋಗಿ ವಿಭಾಗದಲ್ಲಿ ಅರ್ಧ ದಿನ ಜೊತೆಗಿದ್ದು ತೆಲುಗಿನಲ್ಲಿ ಮಾತಾಡಿ ಕೊಡುವ ಒಬ್ಬ ನಿವೃತ್ತರು ಸಿಕ್ಕರೆ ಅದು ಐದು ಸಾವಿರದ ಚೆಕ್ಕಿಗಿಂತ ಹೆಚ್ಚು. ನಿವೃತ್ತರಿಗೆ ನಮ್ಮಲ್ಲಿ ಬರವಿಲ್ಲ.

ಕೊನೆಯದು ಆ ಜಾಮೀನಿನ ವಿಷಯ. ನಾವು ಸಾಮಾನ್ಯವಾಗಿ ಆಪರೇಷನ್ನಿಗೆ ಕೊಡುತ್ತೇವೆ, ಡಿಸ್ಚಾರ್ಜ್ ಆದ ದಿನ ಕಡತ ಮುಚ್ಚುತ್ತೇವೆ. ಲೋಹದ ಕೃತಕ ಕವಾಟ ಹಾಕಿಸಿಕೊಂಡವರು ರಕ್ತ ಹೆಪ್ಪುಗಟ್ಟದಂತೆ ಜೀವನಪೂರ್ತಿ ಮಾತ್ರೆ ತೆಗೆದುಕೊಳ್ಳಬೇಕು, ಆಗಾಗ ಐಎನ್‌ಆರ್ ಎಂಬ ರಕ್ತಪರೀಕ್ಷೆ ಮಾಡಿಸಬೇಕು. ಮಾತ್ರೆ ಬಿಟ್ಟರೆ ಕವಾಟದಲ್ಲೇ ರಕ್ತ ಹೆಪ್ಪುಗಟ್ಟಿ ಜೀವಕ್ಕೇ ಅಪಾಯ. ಲಕ್ಷಗಟ್ಟಲೆ ಖರ್ಚಾದ ಆಪರೇಷನ್ ತಿಂಗಳ ಮಾತ್ರೆಯ ದುಡ್ಡಿಲ್ಲದೆ ವ್ಯರ್ಥವಾಗಬಹುದು. ಸಮಾರ್ಯದವನು ಎರಡು ನಾಣ್ಯ ಕೊಟ್ಟು ಹೊರಟುಬಿಡಲಿಲ್ಲ, ತಿರುಗಿ ಬರುವ ಮಾತು ಕೊಟ್ಟು ಹೋದ. ಈ ವರ್ಷ ನಿಧಿಗಾಗಿ ನಾವು ಕೇಳುತ್ತಿರುವುದೂ ಅದನ್ನೇ. ಒಬ್ಬ ಸದಸ್ಯರು ಒಬ್ಬ ರೋಗಿಯ ಮಾತ್ರೆ ಮತ್ತು ಪರೀಕ್ಷೆಯ ಖರ್ಚನ್ನು ಒಂದು ವರ್ಷ ಹೊರಬೇಕು. ರೋಗಿ ಯಾರೆಂದು ನಿಮಗೆ ಹೇಳುವುದಿಲ್ಲ, ನೀವು ಯಾರೆಂದು ಅವರಿಗೂ ಹೇಳುವುದಿಲ್ಲ. ನಡುವೆ ಛತ್ರದವನ ಕೆಲಸ ನಮ್ಮ ಸಮಿತಿಯದು. ಮಿತಿಯಿಲ್ಲದ ಜಾಮೀನು ಕೇಳುವಷ್ಟು ಧೈರ್ಯ ನನಗಿಲ್ಲ, ಹನ್ನೆರಡು ತಿಂಗಳ ಮಿತಿ ಹಾಕಿದ್ದೇನೆ.

ತೆರಿಗೆಯ ಪ್ರಶ್ನೆ ಹೇಗೂ ಬರುತ್ತದೆ, ಈಗಲೇ ಹೇಳಿಬಿಡುತ್ತೇನೆ. 2,000 ರೂಪಾಯಿಗಿಂತ ಹೆಚ್ಚಿನ ನಗದು ದಾನಕ್ಕೆ 80ಜಿ ರಿಯಾಯಿತಿ ಸಿಗುವುದಿಲ್ಲ, ಚೆಕ್ಕು ಅಥವಾ ಬ್ಯಾಂಕ್ ವರ್ಗಾವಣೆಯೇ ಒಳ್ಳೆಯದು. ಹೊಸ ತೆರಿಗೆ ಪದ್ಧತಿಗೆ ಹೋದವರಿಗೆ ಆ ರಿಯಾಯಿತಿಯೇ ಇಲ್ಲ. ಅವರು ಕೊಟ್ಟರೆ ಸುಮ್ಮನೆ ಕೊಟ್ಟ ಹಾಗೆ.

ನಮೂನೆಗಳು ಹಿಂದಿನ ಮೇಜಿನ ಮೇಲಿವೆ. ಎರಡು ಬಗೆಯವು: ಬಿಳಿಯದು ಹಣ ಕೊಡುವವರಿಗೆ, ಹಳದಿಯದು ವಾರಕ್ಕೆ ಅರ್ಧ ದಿನ ಆಸ್ಪತ್ರೆಯಲ್ಲಿ ರೋಗಿಗಳ ಜೊತೆಗಿರಬಲ್ಲವರಿಗೆ. ಎರಡನ್ನೂ ತುಂಬಬಾರದೆಂಬ ನಿಯಮವೇನೂ ಇಲ್ಲ. ತುಂಬಿದ್ದನ್ನು ಖಜಾಂಚಿಗಳ ಕೈಗೆ ಕೊಟ್ಟು ಚಹಾಕ್ಕೆ ಹೋಗಿ.